ಮೂರನೇ ದಿನ ಒಡೆದ ಗಾಜಿನ ತಟ್ಟೆ

ಪ್ರಶ್ನೆ (ಮೈಸೂರಿನ ಓದುಗರೊಬ್ಬರದು, ಸ್ವಲ್ಪ ಚಿಕ್ಕದು ಮಾಡಿದ್ದೇನೆ): ಸೆರಾಮಿಕ್ ಕೆಲಸಕ್ಕೆ ಅಂತ ಕೊಂಡ ಒಂದು ಚಿಕ್ಕ ಎಲೆಕ್ಟ್ರಿಕ್ ಕಿಲ್ನ್ (ಸುಡುವ ಕುಲುಮೆ) ನನ್ನ ಹತ್ತಿರ ಇದೆ. ಅದರಲ್ಲಿ 20 ಸೆಂ.ಮೀ. ಅಗಲದ ಗಾಜಿನ ತಟ್ಟೆ ಮಾಡಿದೆ. ಕೆಳಗೆ 3 ಮಿ.ಮೀ. ಕಿಟಕಿ ಗಾಜು. ಮೇಲೆ ತಮ್ಮ ಅಮೆರಿಕದಿಂದ ತಂದುಕೊಟ್ಟ, '96' ಅಂತ ಬರೆದಿದ್ದ ನೀಲಿ ಗಾಜು. ಮಧ್ಯೆ ನಮ್ಮಜ್ಜಿಯ ಕೆಂಪು ಬಳೆಯ ಚೂರು. 800 ಡಿಗ್ರಿ ಮುಟ್ಟಿದ ಮೇಲೆ ಆಫ್ ಮಾಡಿ ಮರುದಿನ ತೆಗೆದೆ. ತುಂಬ ಚೆನ್ನಾಗಿ ಬಂದಿತ್ತು. ಮೂರನೇ ದಿನ ರಾತ್ರಿ ಶೋಕೇಸಿನಲ್ಲಿ ಇದ್ದಲ್ಲೇ ಟಿಕ್ ಅಂತ ಒಡೆಯಿತು, ಯಾರೂ ಮುಟ್ಟಿರಲಿಲ್ಲ. ಶಾಖ ಕಮ್ಮಿಯಾಯ್ತಾ? 90 ಗಾಜು ತರಿಸಿದರೆ ಸರಿಹೋಗುತ್ತಾ? ಕಿಟಕಿ ಗಾಜು ಬಳಸಲೇಬಾರದಾ? ಅಜ್ಜಿಯ ಬಳೆ ಇನ್ನೂ ನಾಲ್ಕು ಉಳಿದಿವೆ, ಅವನ್ನಾದರೂ ಹಾಳು ಮಾಡಬಾರದು ಅನ್ನಿಸುತ್ತಿದೆ.

ಉತ್ತರ: ಶಾಖ ಕಮ್ಮಿಯಾಗಿದ್ದಲ್ಲ. ಕಮ್ಮಿಯಾಗಿದ್ದರೆ ಗಾಜುಗಳು ಸರಿಯಾಗಿ ಅಂಟುತ್ತಲೇ ಇರಲಿಲ್ಲ. ನಿಮ್ಮ ತಟ್ಟೆಯಲ್ಲಿ ಅವು ಚೆನ್ನಾಗಿ ಅಂಟಿದ್ದವು, ತೊಂದರೆ ಶುರುವಾಗಿದ್ದೇ ಅಲ್ಲಿ. ಕೂಡಬಾರದ ಮೂರು ಗಾಜು ಗಟ್ಟಿಯಾಗಿ ಕೂಡಿಕೊಂಡವು, ಆಮೇಲೆ ಒಂದನ್ನೊಂದು ಎಳೆದಾಡಿದವು. ಇದರ ಮೇಲೆ ನೀವು ಬೇಗ ತಣಿಸಿಬಿಟ್ಟಿರಿ. ಎರಡು ತಪ್ಪು ಒಂದೇ ತಟ್ಟೆಯಲ್ಲಿ ಸೇರಿವೆ, ಆದರೆ ಎರಡೂ ಬೇರೆ ಬೇರೆ. ಒಂದಕ್ಕೆ ಮದ್ದಿದೆ, ಇನ್ನೊಂದಕ್ಕೆ ಇಲ್ಲ. ಈ ವ್ಯತ್ಯಾಸ ಮನಸ್ಸಿನಲ್ಲಿ ಕೂತರೆ ಮುಂದೆ ಬಹಳಷ್ಟು ಗಾಜು ಉಳಿಯುತ್ತದೆ.

ನೀವು ಕಳಿಸಿದ ಫೋಟೊದಲ್ಲಿ ಬಿರುಕು ನೀಲಿ ಗಾಜಿನ ಅಂಚು ಹಿಡಿದುಕೊಂಡೇ ಓಡಿದೆ, ಅಲ್ವಾ? ಅದು ಹೊಂದಿಕೆಯಾಗದ ಗಾಜಿನ ಗುರುತು. ಬಣ್ಣ ಯಾವುದು ಅಂತ ನೋಡದೆ ತಟ್ಟೆಯ ಮಧ್ಯೆ ಹಾವಿನ ಹಾಗೆ ಬಳುಕಿಕೊಂಡು ಹೋದ ಬಿರುಕಾದರೆ ಸಾಮಾನ್ಯವಾಗಿ ತಣಿಸಿದ್ದರಲ್ಲಿ ತಪ್ಪಾಗಿದೆ ಅಂತ ಅರ್ಥ. ಇನ್ನೊಂದು ಗುರುತೂ ಇದೆ: ಒಡೆದ ಅಂಚನ್ನು ಹುಷಾರಾಗಿ ನೋಡಿ. ಅಂಚು ದುಂಡಗೆ ನುಣುಪಾಗಿದ್ದರೆ ಗಾಜು ಬಿಸಿಯಾಗುವಾಗಲೇ ಸೀಳಿತ್ತು, ಆಮೇಲೆ ಕರಗಿ ಅಂಚು ಮೆತ್ತಗಾಗಿದೆ. ಬ್ಲೇಡಿನ ಹಾಗೆ ಹರಿತವಾಗಿದ್ದರೆ ತಣಿಯುವಾಗ ಅಥವಾ ತಣಿದ ಮೇಲೆ ಸೀಳಿದೆ. ನಿಮ್ಮದು ಎರಡನೆಯದು.

ಗಾಜು ಬಿಸಿಯಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ, ಇದು ಎಲ್ಲರಿಗೂ ಗೊತ್ತು. ಎಷ್ಟು ಹಿಗ್ಗುತ್ತದೆ ಅನ್ನುವ ಲೆಕ್ಕವನ್ನೇ ಸಿಒಇ ಅನ್ನುತ್ತಾರೆ. 96 ಅಂತ ಬರೆದಿದ್ದರೆ, ಒಂದು ಡಿಗ್ರಿ ಸೆಲ್ಸಿಯಸ್ ಏರಿದಾಗ ಆ ಗಾಜು ತನ್ನ ಉದ್ದದ ಒಂದು ಕೋಟಿಯಲ್ಲಿ 96 ಪಾಲು ಹಿಗ್ಗುತ್ತದೆ ಅಂತ. ಕಿಟಕಿ ಗಾಜು ಹೆಚ್ಚುಕಮ್ಮಿ 82ರಿಂದ 90ರೊಳಗೆ ಇರುತ್ತದೆ. ಲ್ಯಾಬಿನ ಬೀಕರ್ ಮಾಡುವ ಬೋರೋಸಿಲಿಕೇಟ್ 33. ಇಟಲಿಯ ಮುರಾನೊದಿಂದ ಬರುವ, ದೀಪದ ಉರಿಯಲ್ಲಿ ಮಣಿ ಮಾಡುವ ಗಾಜಿನ ಕಡ್ಡಿ 104. ಇವೆಲ್ಲ ಕೈಯಲ್ಲಿ ಹಿಡಿದರೆ ಒಂದೇ ಥರ ಕಾಣುತ್ತವೆ.

90ಕ್ಕೂ 96ಕ್ಕೂ ಇರುವ ಅಂತರ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. ಗಾಜು ಸುಮಾರು 500 ಡಿಗ್ರಿಯ ಹತ್ತಿರ ಗಟ್ಟಿಯಾಗಿ ಬಿಗಿದುಕೊಳ್ಳುತ್ತದೆ, ಅಲ್ಲಿಂದ ಮನೆಯ ಶಾಖಕ್ಕೆ ಇಳಿಯಲು ಇನ್ನೂ 480 ಡಿಗ್ರಿ ಬಾಕಿ. 20 ಸೆಂ.ಮೀ. ತಟ್ಟೆಯಲ್ಲಿ ಈ ಎರಡು ಗಾಜು ಕುಗ್ಗುವುದರಲ್ಲಿ ಬರುವ ವ್ಯತ್ಯಾಸ 0.06 ಮಿ.ಮೀ. ಹತ್ತಿರ, ಅಂದರೆ ಒಂದು ತಲೆಕೂದಲಿನ ದಪ್ಪ. ಅಷ್ಟೇ! ಆದರೆ ಗಾಜಿಗೆ ಆ ಕೂದಲಿನಷ್ಟು ಸಡಿಲ ಕೂಡ ಇಲ್ಲ. ಒತ್ತಿದರೆ ತಾಳುತ್ತದೆ, ಎಳೆದರೆ ತಾಳುವುದಿಲ್ಲ. ನಿಮ್ಮ ತಟ್ಟೆಯಲ್ಲಿ ಕಿಟಕಿ ಗಾಜು ಮತ್ತು 96ರ ಅಂತರ ಇದಕ್ಕಿಂತ ಜಾಸ್ತಿಯೇ ಇರಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಒಂದೇ ನೊಗಕ್ಕೆ ಕಟ್ಟಿದ ಮೇಲೆ ನೊಗವೇ ಮುರಿಯಬೇಕು.

ಮೂರು ದಿನ ಯಾಕೆ ಸುಮ್ಮನಿತ್ತು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಮೋಸ ಹೋಗುವುದು ಇಲ್ಲೇ. ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಸಣ್ಣ ಗೀರುಗಳು ಯಾವಾಗಲೂ ಇರುತ್ತವೆ. ಒಳಗೆ ಎಳೆತ ಇದ್ದರೆ ಗಾಳಿಯಲ್ಲಿರುವ ತೇವ ಆ ಗೀರಿನ ತುದಿಗೆ ಸೇರಿ, ಗೀರು ನಿಧಾನವಾಗಿ ಉದ್ದವಾಗುತ್ತಾ ಹೋಗುತ್ತದೆ. ಒಂದು ಅಳತೆ ದಾಟಿದ ಕ್ಷಣಕ್ಕೆ ಟಿಕ್. ಅದು ಮೂರು ದಿನಕ್ಕೂ ಆಗಬಹುದು, ಮೂರು ತಿಂಗಳಿಗೂ ಆಗಬಹುದು, ಯಾರೋ ಬಿಸಿ ಸಾರಿನ ಬಟ್ಟಲು ಇಟ್ಟ ದಿನವೂ ಆಗಬಹುದು. ಹಾಗಾಗಿ ಕಿಲ್ನ್‌ನಿಂದ ತೆಗೆದಾಗ ಚೆನ್ನಾಗಿದೆ ಅನ್ನುವುದು ಯಾವುದಕ್ಕೂ ಸಾಕ್ಷಿ ಅಲ್ಲ. ಈ ಮಾತನ್ನು ನಾನು ಕೈ ಸುಟ್ಟುಕೊಂಡು ಕಲಿತೆ. ವರ್ಷಗಳ ಹಿಂದೆ ಒಬ್ಬರಿಂದ ತೂಕದ ಲೆಕ್ಕದಲ್ಲಿ ಬಣ್ಣದ ಚೂರುಗಳನ್ನು ಕೊಂಡೆ, ಎಲ್ಲ 90 ಅಂದಿದ್ದರು. ಒಂದು ಮದುವೆಗೆ ಅಂತ ಹನ್ನೆರಡು ತಟ್ಟೆ ಮಾಡಿ ಕೊಟ್ಟೆ. ನಾಲ್ಕು ತಟ್ಟೆ ಅವರ ಮನೆಯಲ್ಲೇ ಒಡೆದವು. ಒಂದು ತಟ್ಟೆ ಒಡೆದದ್ದು ಮಗು ಪಕ್ಕದಲ್ಲಿ ಆಡುತ್ತಿದ್ದಾಗ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಅವತ್ತಿನಿಂದ ಪರೀಕ್ಷೆ ಮಾಡದ ಒಂದು ಚೂರನ್ನೂ ನಾನು ಬೇರೆಯವರ ಮನೆಗೆ ಹೋಗುವ ತಟ್ಟೆಯಲ್ಲಿ ಹಾಕಿಲ್ಲ.

ಇನ್ನು 90 ತರಿಸಿದರೆ ಸರಿಹೋಗುತ್ತಾ ಅನ್ನುವ ಪ್ರಶ್ನೆ. ಅಂಕಿಯನ್ನಷ್ಟೇ ನಂಬಬೇಡಿ. ನನಗೆ ಬರುವ ಪತ್ರಗಳಲ್ಲಿ ಅರ್ಧದಷ್ಟು ತಪ್ಪು ಇಲ್ಲೇ ಆಗಿರುತ್ತದೆ. ಸಿಒಇಯನ್ನು ಸಾಮಾನ್ಯವಾಗಿ ಅಳೆಯುವುದು 20ರಿಂದ 300 ಡಿಗ್ರಿಯ ಒಳಗೆ. ಆದರೆ ಎರಡು ಗಾಜಿನ ಜಗಳ ಶುರುವಾಗುವುದು ಅದಕ್ಕಿಂತ ಮೇಲೆ, ಮೆತ್ತಗಿದ್ದ ಗಾಜು ಗಟ್ಟಿಯಾಗುವ ಹೊತ್ತಿಗೆ. ಗಾಜು ಮಂಜುಗಡ್ಡೆಯ ಹಾಗೆ ಒಂದೇ ಡಿಗ್ರಿಯಲ್ಲಿ ಕರಗಿ ಒಂದೇ ಡಿಗ್ರಿಯಲ್ಲಿ ಹೆಪ್ಪುಗಟ್ಟುವ ವಸ್ತು ಅಲ್ಲ, ಅದು ಬೆಲ್ಲದ ಪಾಕದ ಹಾಗೆ. ನೀರು ಪಾಕ, ಎಳೆ ಪಾಕ, ಉಂಡೆ ಪಾಕ ಅಂತ ಬಿಗಿಯುತ್ತಾ ಬರುತ್ತದೆ. ಒಂದು ಗಾಜು ಇನ್ನೂ ಎಳೆ ಪಾಕದಲ್ಲಿರುವಾಗ ಪಕ್ಕದ್ದು ಗಟ್ಟಿಯಾಗಿಬಿಟ್ಟರೆ, ಇಬ್ಬರ ಸಿಒಇ ಒಂದೇ ಇದ್ದರೂ ಎಳೆತ ಉಳಿದುಕೊಳ್ಳುತ್ತದೆ. ಅಂದರೆ ಹಿಗ್ಗುವ ಗುಣ ಮತ್ತು ಪಾಕದ ಗುಣ ಎರಡೂ ಸೇರಿ ಹೊಂದಿಕೆ. ಗಾಜು ತಯಾರಿಸುವವರು ಇದನ್ನು ತಿಳಿದೇ ಒಂದನ್ನು ಇನ್ನೊಂದಕ್ಕೆ ಸರಿದೂಗಿಸಿ ಬಣ್ಣ ಮಾಡುತ್ತಾರೆ. ಅಂಕಿ ಸ್ವಲ್ಪ ಆಚೀಚೆ ಇದ್ದೂ ಚೆನ್ನಾಗಿ ಕೂಡುವ ಗಾಜುಗಳಿವೆ, ಅಂಕಿ ಒಂದೇ ಇದ್ದೂ ಕೂಡದವೂ ಇವೆ.

ಅದಕ್ಕೇ ನಾನು ಕೇಳುವುದು 'ಎಷ್ಟು ಸಿಒಇ' ಅಂತಲ್ಲ, 'ಯಾರು ಮಾಡಿದ ಗಾಜು, ಯಾವ ಗಾಜಿನ ಜೊತೆ ಪರೀಕ್ಷೆ ಮಾಡಿದ್ದಾರೆ' ಅಂತ. ಫ್ಯೂಸಿಂಗ್‌ಗೆ, ಅಂದರೆ ಕಿಲ್ನ್‌ನಲ್ಲಿ ಕರಗಿಸಿ ಕೂಡಿಸುವುದಕ್ಕೆ ಅಂತಲೇ ಗಾಜು ಮಾಡುವ ಕಾರ್ಖಾನೆಗಳು ಕಡಿಮೆ, ಅದರಲ್ಲೂ ಹೆಚ್ಚಿನವು ಅಮೆರಿಕದಲ್ಲಿವೆ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ 1974ರಲ್ಲಿ ಶುರುವಾದ ಬುಲ್ಸ್‌ಐ ತನ್ನ ಬಣ್ಣಗಳನ್ನು ತನ್ನದೇ ಪಾರದರ್ಶಕ ಗಾಜಿನ ಜೊತೆ ಸುಟ್ಟು ನೋಡಿ ಮಾರುತ್ತದೆ. ಇದು 90ರ ಗುಂಪು ಅಂತ ಜನ ಕರೆಯುತ್ತಾರೆ. 96ರ ಗುಂಪನ್ನು ಜನಪ್ರಿಯ ಮಾಡಿದ್ದು ವಾಷಿಂಗ್ಟನ್ ರಾಜ್ಯದ ಸ್ಪೆಕ್ಟ್ರಮ್. ಅದು 2016ರಲ್ಲಿ ಮುಚ್ಚಿತು, ಆ ಸರಣಿಯನ್ನು ಕ್ಯಾಲಿಫೋರ್ನಿಯಾದ ಓಷನ್‌ಸೈಡ್ ಮುಂದುವರಿಸಿತು. ವೆಸ್ಟ್ ವರ್ಜೀನಿಯಾದ ವಿಸ್ಮಾಕ್ 90 ಮತ್ತು 96 ಎರಡನ್ನೂ ಮಾಡುತ್ತದೆ. ವಿಸ್ಮಾಕ್‌ನ 90 ಬುಲ್ಸ್‌ಐಗಿಂತ ಕಡಿಮೆ ಶಾಖಕ್ಕೇ ಹರಿಯುತ್ತದೆ, ಹಾಗಾಗಿ ಅಂಕಿ ಒಂದೇ ಅಂತ ಕಣ್ಣು ಮುಚ್ಚಿ ಎರಡನ್ನೂ ಬೆರೆಸಬೇಡಿ. ನಿಮ್ಮಂಥವರಿಗೆ ನನ್ನ ಸಲಹೆ ಇಷ್ಟೇ: ಒಂದು ಕಾರ್ಖಾನೆ, ಒಂದು ಗುಂಪು ಹಿಡಿಯಿರಿ, ಕನಿಷ್ಠ ಮೊದಲ ಎರಡು ವರ್ಷ ಅದನ್ನು ಬಿಡಬೇಡಿ. ತಮ್ಮನ ಹತ್ತಿರ 96 ಸುಲಭವಾಗಿ ಸಿಗುವುದಾದರೆ 96ರಲ್ಲೇ ಇರಿ, ಕೆಳಗೆ ಹಾಕುವ ಪಾರದರ್ಶಕ ಗಾಜನ್ನೂ ಅದೇ ಕಾರ್ಖಾನೆಯದ್ದೇ ತರಿಸಿ. ದುಬಾರಿ ಅಂತ ಕೆಳಗೆ ಕಿಟಕಿ ಗಾಜು ಹಾಕುವುದು ಬೇಡ. ಪ್ರತಿ ಹಾಳೆಯ ಮೇಲೆ, ಕತ್ತರಿಸಿದ ಪ್ರತಿ ತುಂಡಿನ ಮೇಲೆ ಮಾರ್ಕರ್‌ನಿಂದ ಗುಂಪು ಬರೆಯಿರಿ. ಚೂರಿನ ಡಬ್ಬಿಗಳು ಬೇರೆ ಬೇರೆ ಇರಲಿ. ಒಂದು ಸಲ ಬೆರೆತರೆ ಕಣ್ಣಿನಿಂದ ಬೇರ್ಪಡಿಸಲು ಸಾಧ್ಯವೇ ಇಲ್ಲ.

ಪರೀಕ್ಷೆ ಮನೆಯಲ್ಲೇ ಮಾಡಬಹುದು, ದುಬಾರಿ ಉಪಕರಣ ಬೇಡ. ನೀವು ತಟ್ಟೆಯ ಅಡಿ ಪದರಕ್ಕೆ ಬಳಸುವ ಪಾರದರ್ಶಕ ಗಾಜಿನ 4 ಸೆಂ.ಮೀ. ಅಗಲದ ಒಂದು ಪಟ್ಟಿ ಕತ್ತರಿಸಿ. ಅದರ ಮೇಲೆ ಅನುಮಾನ ಇರುವ ಬಣ್ಣಗಳ ಉಗುರಿನಷ್ಟು ಚೂರುಗಳನ್ನು ದೂರ ದೂರ ಇಡಿ. ಜೊತೆಗೆ ಒಂದು ಚೂರು ಆ ಅಡಿ ಗಾಜಿನದ್ದೇ ಇರಲಿ, ಇದನ್ನು ಮರೆಯಬೇಡಿ, ಇಡೀ ಪರೀಕ್ಷೆಯ ಜೀವ ಅದರಲ್ಲೇ ಇದೆ. ಪೂರ್ತಿ ಕರಗುವ ಶಾಖಕ್ಕೆ ಸುಟ್ಟು, ಸರಿಯಾಗಿ ತಣಿಸಿ, ಒಂದು ದಿನ ಬಿಡಿ. ಆಮೇಲೆ ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಅದರ ಮುಂದೆ ಒಂದು ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಆ ಕೋನದಲ್ಲೇ ಹಿಡಿದು, ಪರದೆಗೂ ಕನ್ನಡಕಕ್ಕೂ ಮಧ್ಯೆ ನಿಮ್ಮ ಪಟ್ಟಿ ತನ್ನಿ. ಎಳೆತ ಇಲ್ಲದ ಗಾಜು ಕಪ್ಪಾಗೇ ಇರುತ್ತದೆ. ಎಳೆತ ಇರುವ ಚೂರಿನ ಸುತ್ತ ಬೆಳಕಿನ ಬಳೆ ಹೊಳೆಯುತ್ತದೆ. ಎಳೆತ ಎಷ್ಟು ಜಾಸ್ತಿಯೋ ಹೊಳಪು ಅಷ್ಟು ಜಾಸ್ತಿ. ಚೂರು ಬೆಳಕು ಬಿಡದ ದಟ್ಟ ಬಣ್ಣದ್ದಾದರೂ ತೊಂದರೆ ಇಲ್ಲ, ನೋಡಬೇಕಾದ್ದು ಚೂರನ್ನಲ್ಲ, ಅದರ ಸುತ್ತಲಿನ ಪಾರದರ್ಶಕ ಗಾಜನ್ನು.

ಈಗ ಆ ಅಡಿ ಗಾಜಿನ ಚೂರಿನ ಕೆಲಸ. ಅದರ ಸುತ್ತಲೂ ಬೆಳಕು ಕಂಡರೆ ದೋಷ ಗಾಜಿನ ಹೊಂದಿಕೆಯದ್ದಲ್ಲ, ನೀವು ಸರಿಯಾಗಿ ತಣಿಸಿಲ್ಲ. ಆ ಪಟ್ಟಿಯನ್ನು ಮತ್ತೆ ಬಿಸಿ ಮಾಡಿ ಸರಿಯಾಗಿ ತಣಿಸಿದರೆ ಬೆಳಕು ಹೋಗುತ್ತದೆ. ಅದರ ಸುತ್ತ ಕಪ್ಪಾಗಿದ್ದು ನೀಲಿ ಚೂರಿನ ಸುತ್ತ ಮಾತ್ರ ಹೊಳೆದರೆ, ಆ ನೀಲಿ ಈ ಅಡಿ ಗಾಜಿಗೆ ಆಗಿ ಬರುವುದಿಲ್ಲ. ಹತ್ತು ಸಲ ತಣಿಸಿದರೂ ಇಲ್ಲ. ಮದ್ದು ಇರುವ ತಪ್ಪು, ಇಲ್ಲದ ತಪ್ಪು ಅಂತ ಮೊದಲು ಹೇಳಿದ್ದು ಇದನ್ನೇ.

ಇನ್ನು ಸುಡುವ ಕ್ರಮ. ನೀವು 800 ಮುಟ್ಟಿಸಿ ಆಫ್ ಮಾಡಿದಿರಿ. ಮಡಕೆಗೆ ಅದು ನಡೆಯುತ್ತದೆ, ಗಾಜಿಗೆ ನಡೆಯುವುದಿಲ್ಲ. 3 ಮಿ.ಮೀ.ಯ ಎರಡು ಪದರದ ತಟ್ಟೆಗೆ, ಬುಲ್ಸ್‌ಐ ಗಾಜಾದರೆ, ನಾನು ಅನುಸರಿಸುವ ಕ್ರಮ ಹೇಳುತ್ತೇನೆ. ಕಾರ್ಖಾನೆಯವರು ಗಂಟೆಗೆ 222 ಡಿಗ್ರಿಯ ಹಾಗೆ ಏರಿಸಬಹುದು ಅನ್ನುತ್ತಾರೆ, ಅದು ಕಾಯಿಲ್ (ಬಿಸಿಯಾಗುವ ತಂತಿ ಸುರುಳಿ) ಮುಚ್ಚಳದಲ್ಲಿರುವ ಗಾಜಿನ ಕಿಲ್ನ್‌ಗೆ ಸರಿ. ನಿಮ್ಮದು ಸೆರಾಮಿಕ್ ಕಿಲ್ನ್, ಕಾಯಿಲ್ ಪಕ್ಕದ ಗೋಡೆಗಳಲ್ಲಿ ಇರುತ್ತದೆ, ತಟ್ಟೆಯ ಅಂಚು ಮೊದಲು ಕಾಯುತ್ತದೆ, ನಡುಭಾಗ ಹಿಂದೆ ಬೀಳುತ್ತದೆ. ಹಾಗಾಗಿ 540ರವರೆಗೆ ಗಂಟೆಗೆ 120ರಷ್ಟು ಮಾತ್ರ ಏರಿಸಿ, ಗೋಡೆಯಿಂದ ಗಾಜು ದೂರ ಇರಲಿ. ಅಲ್ಲಿಂದ 677ಕ್ಕೆ ಹೋಗಿ ಅರ್ಧ ಗಂಟೆ ನಿಲ್ಲಿಸಿ. ಈ ನಿಲುಗಡೆ ಯಾಕೆಂದರೆ, ಮೇಲಿನ ಹಾಳೆ ನಿಧಾನವಾಗಿ ಬಾಗಿ ಕೆಳಗಿನದರ ಮೇಲೆ ಕೂರುತ್ತದೆ, ಮಧ್ಯದ ಗಾಳಿ ಅಂಚಿನಿಂದ ಹೊರಗೆ ಹೋಗುತ್ತದೆ, ಇಲ್ಲದಿದ್ದರೆ ದೊಡ್ಡ ಗುಳ್ಳೆ ಏಳುತ್ತದೆ. ಆಮೇಲೆ ಬೇಗ, ಗಂಟೆಗೆ 333ರ ಹಾಗೆ, 804ರಿಂದ 816ರ ಮಧ್ಯೆ ಒಯ್ದು 10 ನಿಮಿಷ. ಇಲ್ಲಿ ಬೇಗ ಹೋಗುವುದಕ್ಕೂ ಕಾರಣ ಇದೆ. 700 ದಾಟಿದ ಮೇಲೆ ಸುಮ್ನೆ ಜಾಸ್ತಿ ಹೊತ್ತು ಅಲ್ಲೇ ಸುಳಿದಾಡಿದರೆ ಗಾಜಿನ ಮೈಮೇಲೆ ಹರಳು ಕಟ್ಟಿ ಮಂಕಾಗುತ್ತದೆ, ಬೂದಿ ಮುಚ್ಚಿದ ಹಾಗೆ. ಗಾಜು ಕೊಳಕಾಗಿದ್ದರೆ, ಬೆರಳಿನ ಎಣ್ಣೆ ಉಳಿದಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ತೊಳೆದು ಒರೆಸಿಯೇ ಇಡಿ.

ಇಲ್ಲಿಂದ ಮುಂದೆ ಇರುವುದೇ ನಿಜವಾದ ಕೆಲಸ. 482ಕ್ಕೆ ಇಳಿಯಲು ಬಿಡಿ, ಅಲ್ಲಿ ಪೂರ್ತಿ ಒಂದು ಗಂಟೆ ಹಿಡಿಯಿರಿ. ಇದನ್ನೇ ಅನೀಲಿಂಗ್ ಅನ್ನುವುದು. ತಟ್ಟೆಯ ಮೇಲೆ, ಕೆಳಗೆ, ನಡುವೆ, ಅಂಚು ಎಲ್ಲ ಒಂದೇ ಶಾಖಕ್ಕೆ ಬಂದು ಒಳಗಿನ ಎಳೆತ ಸಡಿಲವಾಗುವ ಹೊತ್ತು ಅದು. ಆಮೇಲೆ ಗಂಟೆಗೆ 83ರ ಹಾಗೆ 371ಕ್ಕೆ ಇಳಿಸಿ, ನಂತರ ಆಫ್ ಮಾಡಿ ಮುಚ್ಚಳ ಮುಟ್ಟಬೇಡಿ. ಕೈಗೆ ಬೆಚ್ಚಗೆ ಅನ್ನಿಸುವವರೆಗೂ ತೆರೆಯಬೇಡಿ. 96ರ ಗಾಜಿಗೆ ಈ ಅಂಕಿಗಳು ಬೇರೆ: 800ಕ್ಕಿಂತ ಸ್ವಲ್ಪ ಕೆಳಗೇ ಪೂರ್ತಿ ಕರಗುತ್ತದೆ, ಅನೀಲಿಂಗ್ 510ರಲ್ಲಿ. ದಪ್ಪ ಹೆಚ್ಚಿದರೆ ಹೊತ್ತು ಅದಕ್ಕಿಂತ ವೇಗವಾಗಿ ಹೆಚ್ಚುತ್ತದೆ. 12 ಮಿ.ಮೀ. ಗಾಜಿಗೆ ಎರಡು ಗಂಟೆ ಹಿಡಿದು, ಗಂಟೆಗೆ 55ರ ಹಾಗೆ ಇಳಿಸಬೇಕು. 25 ಮಿ.ಮೀ. ಆದರೆ ನಾಲ್ಕು ಗಂಟೆ ಹಿಡಿದು, ಗಂಟೆಗೆ ಬರೀ 15 ಡಿಗ್ರಿ.

ಕರೆಂಟು ಹೋದರೆ? ನಮ್ಮೂರುಗಳಲ್ಲಿ ಈ ಪ್ರಶ್ನೆ ಮೊದಲೇ ಬರಬೇಕು. ಅನೀಲಿಂಗ್ ನಡೆಯುವಾಗ ಹೋದರೆ ಗಾಬರಿಯಾಗಿ ಮುಚ್ಚಳ ತೆಗೆಯಬೇಡಿ. ಕರೆಂಟು ಬಂದ ಮೇಲೆ ಆಗ ಇರುವ ಶಾಖದಿಂದಲೇ ನಿಧಾನವಾಗಿ ಮತ್ತೆ ಅನೀಲಿಂಗ್ ಶಾಖಕ್ಕೆ ಏರಿಸಿ, ಒಂದು ಗಂಟೆಯನ್ನು ಹೊಸದಾಗಿ ಎಣಿಸಿ. ಏನೂ ಕೆಟ್ಟಿರುವುದಿಲ್ಲ. ಏರುವಾಗ, ಇನ್ನೂ 400ರ ಒಳಗಿದ್ದಾಗ ಹೋದರೆ ತಣ್ಣಗಾಗಲು ಬಿಟ್ಟು ಮೊದಲಿನಿಂದ ಶುರು ಮಾಡಿ.

ಎರಡು ಪದರ ಅಂತ ಯಾಕೆ ಹೇಳಿದೆ ಅಂದರೆ, ಕರಗಿದ ಗಾಜು ತನ್ನಷ್ಟಕ್ಕೆ ತಾನು 6 ಮಿ.ಮೀ. ದಪ್ಪಕ್ಕೆ ಬರಲು ನೋಡುತ್ತದೆ. ಒಂದೇ ಪದರ ಇಟ್ಟರೆ ಅಂಚು ಒಳಗೆ ಸರಿದು ಉಬ್ಬುತ್ತದೆ, ಮೂರು ಇಟ್ಟರೆ ಹೊರಗೆ ಹರಿಯುತ್ತದೆ. ಗಾಜು ಇಡುವ ಶೆಲ್ಫಿಗೆ ಕಿಲ್ನ್ ವಾಷ್ ಅನ್ನುವ ಲೇಪ ಹಚ್ಚುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಗಾಜು ಶೆಲ್ಫಿಗೇ ಅಂಟುತ್ತದೆ. ಹಳೆಯ ವಾಷ್ ಕೆರೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬಟ್ಟೆ ಕಟ್ಟಿಕೊಂಡರೆ ಸಾಲದು, ಧೂಳು ತಡೆಯುವ ಮಾಸ್ಕ್ ಹಾಕಿ.

ಕಿಟಕಿ ಗಾಜಿನ ಮೇಲೆ ನನಗೆ ಕೋಪ ಇಲ್ಲ. ಕಲಿಯಲು ಅದಕ್ಕಿಂತ ಒಳ್ಳೆಯ, ಅಗ್ಗದ ಗಾಜು ಇಲ್ಲ. ಒಂದೇ ಹಾಳೆಯಿಂದ ಕತ್ತರಿಸಿದ ತುಂಡುಗಳು ತಮ್ಮ ತಮ್ಮಲ್ಲಿ ಖಂಡಿತ ಹೊಂದುತ್ತವೆ. ಗಾಜಿನ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡು ಕೇಳಿ, ಒಂದೇ ಹಾಳೆಯದ್ದು ಇರಲಿ. ಟಫನ್ಡ್ (ಶಾಖ ಕೊಟ್ಟು ಗಟ್ಟಿ ಮಾಡಿದ ಗಾಜು) ಬೇಡ, ಅದನ್ನು ಕತ್ತರಿಸಲು ಹೋದರೆ ಪುಡಿಪುಡಿ. ಕರಗಲು ಸ್ವಲ್ಪ ಜಾಸ್ತಿ ಶಾಖ ಬೇಕು, 830ರ ಮೇಲೆ. ಅನೀಲಿಂಗ್ ಕೂಡ ಮೇಲೆ, 550ರ ಹತ್ತಿರ. ಮಂಕು ಹಿಡಿಯುವ ಚಾಳಿ ಇದಕ್ಕೆ ಜಾಸ್ತಿ. ಈ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಮಾಡುತ್ತಾರೆ, ಹಾಗಾಗಿ ಒಂದು ಬದಿಗೆ ತವರದ ತೆಳು ಅಂಶ ಅಂಟಿರುತ್ತದೆ. ಶಾರ್ಟ್‌ವೇವ್ ಯುವಿ ದೀಪ ಹಿಡಿದರೆ ಆ ಬದಿ ಮಬ್ಬಾಗಿ ಹೊಳೆಯುತ್ತದೆ. ಅಂಥ ದೀಪದ ಬೆಳಕನ್ನು ಬರಿಗಣ್ಣಿಗೆ ಬಿಡಬೇಡಿ. ಬಣ್ಣ ಬೇಕಿದ್ದರೆ ಕಿಟಕಿ ಗಾಜಿಗೆ ಅಂತಲೇ ಮಾಡಿದ ಎನಾಮೆಲ್ ಪುಡಿ ಬಳಸಿ, ಅಥವಾ ಎರಡು ಪದರದ ಮಧ್ಯೆ ತೆಳ್ಳನೆಯ ತಾಮ್ರದ ಹಾಳೆಯಲ್ಲಿ ಎಲೆ, ಹಕ್ಕಿ ಕತ್ತರಿಸಿ ಇಡಿ. ತುಂಬ ಚೆಂದ ಬರುತ್ತದೆ.

ಕೊನೆಗೆ ಅಜ್ಜಿಯ ಬಳೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇದೇ. ನಮ್ಮಲ್ಲಿ ಸಿಗುವ ಗಾಜಿನ ಬಳೆ ಬಹುಪಾಲು ಉತ್ತರ ಪ್ರದೇಶದ ಫಿರೋಜಾಬಾದಿನಿಂದ ಬರುತ್ತದೆ. ಬಳೆಗೆ ಅಂತ ಮಾಡಿದ ಗಾಜು ಅದು, ಇನ್ನೊಂದು ಗಾಜಿನ ಜೊತೆ ಸೇರಿಸಲಿ ಅಂತ ಮಾಡಿದ್ದಲ್ಲ. ಕೆಂಪು ಒಂದು ಥರ ಇದ್ದರೆ ಹಸಿರು ಇನ್ನೊಂದು ಥರ ಇರಬಹುದು. ತಟ್ಟೆಯಲ್ಲಿ ಹೂತಿಡುವುದು ಬೇಡ, ಚಿಕ್ಕ ಚೂರು ಎಷ್ಟೋ ಸಲ ತಾಳಿಕೊಳ್ಳುತ್ತದೆ, ಆದರೆ ಅದನ್ನು ನಂಬಿ ಕೂರುವ ಹಾಗಿಲ್ಲ. ಒಂದೇ ಬಳೆಯ ಚೂರುಗಳನ್ನು ಮಾತ್ರ ಒಟ್ಟಿಗೆ, ಒಂದಕ್ಕೊಂದು ತಾಗಿಸಿ ಕರಗಿಸಿದರೆ ಗುಂಡನೆಯ ಚಿಕ್ಕ ಬಿಲ್ಲೆ ಬರುತ್ತದೆ, ಪದಕ ಮಾಡಿಕೊಳ್ಳಬಹುದು. ಮೇಲಿನ ಚಿನ್ನದ ಗೆರೆ, ಬಣ್ಣದ ಚುಕ್ಕೆ ಇದ್ದರೆ ಸುಟ್ಟು ಹೋಗುತ್ತದೆ, ಕೆಂಪು ಕೂಡ ಶಾಖಕ್ಕೆ ಕಂದಾಗಬಹುದು. ಅದಕ್ಕೆ ಮೊದಲು, ಒಡೆದ ತಟ್ಟೆಯಿಂದ ಬಿದ್ದ ಬಳೆಯ ಚೂರನ್ನಲ್ಲ, ಅಂಗಡಿಯಿಂದ ತಂದ ಬೇರೆ ಕೆಂಪು ಬಳೆಯೊಂದನ್ನು ಸುಟ್ಟು ಕೈ ಪಳಗಿಸಿಕೊಳ್ಳಿ. ಆಮೇಲೆ ಅಜ್ಜಿಯ ನಾಲ್ಕರಲ್ಲಿ ಒಂದೇ ಒಂದನ್ನು ತೆಗೆದುಕೊಳ್ಳಿ. ಉಳಿದ ಮೂರು ಬಳೆಯಾಗಿಯೇ ಇರಲಿ.